ಸೊಪ್ಪೆಲ್ಲ ಸೌಮ್ಯವೇ?

ಗಿಡಮೂಲಿಕೆಯಿಂದ ಅಪಾಯವೇ ಇಲ್ಲವೆಂಬ ಮಾತು ತಾಳಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತಿದೆ. ಹಾಗೆನ್ನುವವರು ನಮ್ಮ ಕಾಡಿನ ಕರಿಗೇರನ್ನೊಮ್ಮೆ ನೆನೆಯಲಿ. ಒಡೆದ ಹಿಮ್ಮಡಿಗೆ ಅದರ ಎಣ್ಣೆ ಹಚ್ಚುವುದು ಹಳೆಯ ರೂಢಿ. ಒಗ್ಗದವರಿಗೆ ಅದೇ ಎಣ್ಣೆ ತುರಿಕೆ, ಬಾವು, ನೀರುಗುಳ್ಳೆಗಳನ್ನೆಬ್ಬಿಸುತ್ತದೆ; ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದುದೂ ಇದರಿಂದಲೇ! ಭಲ್ಲಾತಕವನ್ನು ರಸಾಯನವೆಂದು ಹೊಗಳಿದ ಚರಕಸಂಹಿತೆಯೇ ಅದು ಬೆಂಕಿಯಂತೆ ತೀಕ್ಷ್ಣವೆಂದೂ ಎಚ್ಚರಿಸಿದೆ. ಬಲ್ಲ ವೈದ್ಯರು ಇಟ್ಟಿಗೆಪುಡಿಯಲ್ಲಿ ತಿಕ್ಕಿ ಶೋಧಿಸದೆ ಅದನ್ನು ಬಳಸರು. 1945ರ ಔಷಧ ನಿಯಮಗಳ ವಿಷದ್ರವ್ಯಪಟ್ಟಿಯಲ್ಲಿಯೂ ಅದರ ಹೆಸರಿದೆ.

ವೈದ್ಯ ಸಂಗಣ್ಣನನ್ನು ಶರಣನೆಂದು ಗೌರವಿಸುವ ನಾವು, ಶೋಧನೆಯನ್ನೇ ಅರಿಯದವರು ಕಟ್ಟಿಕೊಟ್ಟ ಪೊಟ್ಟಣವನ್ನು ಪ್ರಸಾದದಂತೆ ಸ್ವೀಕರಿಸುವುದೇ? ಗುಳ್ಳೆಯೆದ್ದಾಗ 'ದೋಷ ಹೊರಬೀಳುತ್ತಿದೆ, ಇನ್ನೂ ಹಚ್ಚಿ' ಎನ್ನುವುದಂತೂ ಕ್ರೌರ್ಯ. ಗೇರು, ಮಾವುಗಳ ಸೊನೆ ಒಗ್ಗದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಗುಳ್ಳೆ ಕಂಡೊಡನೆ ಔಷಧ ನಿಲ್ಲಿಸಿ, ಪೊಟ್ಟಣಸಹಿತ ಆಸ್ಪತ್ರೆಗೆ ಹೋಗಬೇಕು.