ಕೆಟ್ಟಿಲ್ಲ, ಹಳೆಯದಾಗಿದೆ!

“ಅಕ್ಕಾರ, ಇದಕ್ಕ ರೊಕ್ಕ ಹಾಕಬ್ಯಾಡ್ರಿ. ಎಕ್ಸ್‌ಚೇಂಜಿಗೆ ಬಿಟ್ಟು ಹೊಸಾದು ತಗೊಳ್ರಿ.”

“ಯಾಕಪ್ಪಾ, ಒಳಗ ಏನು ಕೆಟ್ಟೈತಿ?”

“ಕೆಟ್ಟಿಲ್ರಿ. ಹಳೇದಾಗೇತಿ.”

ಪಟ್ಟಣದ ಅಂಗಡಿಯೊಂದರಲ್ಲಿ ನಡೆದ ಮಾತು ಇಷ್ಟೇ. ಆ ಹುಡುಗ ನನ್ನ ಕಂಪ್ಯೂಟರನ್ನು ಬಿಚ್ಚಲಿಲ್ಲ, ಹಿಂದೆ ತಿರುಗಿಸಿ ಸಹ ನೋಡಲಿಲ್ಲ. ಯಾವ ವರ್ಷ ಕೊಂಡಿದ್ದು ಎಂದು ಕೇಳಿದ. 2014 ಎಂದೆ. ತೀರ್ಪು ಕೊಟ್ಟುಬಿಟ್ಟ. ನಾಡಿ ಹಿಡಿಯದೆ ವಯಸ್ಸು ಕೇಳಿಯೇ ರೋಗ ಹೇಳುವ ವೈದ್ಯನನ್ನು ನಾವು ನಂಬುತ್ತೇವೆಯೇ? ಯಂತ್ರದ ವಿಷಯ ಬಂದಾಗ ಮಾತ್ರ ತಲೆಯಾಡಿಸಿ ಬರುತ್ತೇವೆ. ಅವತ್ತು ನಾನೂ ತಲೆಯಾಡಿಸಿಯೇ ಬಂದೆ. ಊರಿಗೆ ಮರಳುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಸಿಟ್ಟು ಬಂತು.

ನನ್ನೂರು ಚೀಕಲಪರ್ವಿ. ತುಂಗಭದ್ರೆಯ ದಂಡೆಯ, ಮಾನ್ವಿ ಸೀಮೆಯ ಸಣ್ಣ ಊರು. ವಿಜಯದಾಸರು ಹುಟ್ಟಿದ ಊರು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಮ್ಮ ಓಣಿಯ ಮುದುಕಿಯರ ಬಾಯಲ್ಲಿದ್ದ ದೇವರನಾಮ, ಹಸೆಗೆ ಕರೆಯುವ ಹಾಡು, ಬೀಸುವ ಹಾಡುಗಳನ್ನು ಕೇಳಿ ಕೇಳಿ, ನುಡಿ ಅಕ್ಷರಗಳಲ್ಲಿ ಕುಟ್ಟಿ ಆ ಯಂತ್ರದೊಳಗೆ ತುಂಬಿದ್ದೆ. ಹಾಡಿದವರಲ್ಲಿ ಮೂವರು ಈಗಿಲ್ಲ. ಅವರ ಹಾಡನ್ನೂ ಎಕ್ಸ್‌ಚೇಂಜಿಗೆ ಬಿಡಬೇಕೇ?

ನನ್ನದು ‘ಆಲ್-ಇನ್-ಒನ್’. ಬೇರೆ ಡಬ್ಬಿಯಿಲ್ಲದೆ ಪರದೆಯ ಬೆನ್ನಿನಲ್ಲೇ ಎಲ್ಲವನ್ನೂ ಅಡಗಿಸಿಟ್ಟ ಕಂಪ್ಯೂಟರ್. ಅದರ ದೋಷ ಒಂದೇ: ನಿಧಾನ. ಗುಂಡಿ ಒತ್ತಿ, ಚಹಾ ಕಾಸಿ, ಕುಡಿದು ಬಂದರೂ ಅದಿನ್ನೂ ಏಳುತ್ತಿರಲಿಲ್ಲ. ರಾಯಚೂರಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳು ರಜೆಗೆ ಬಂದವಳು, “ಅತ್ತಿ, ನಾವs ಬಿಚ್ಚಿ ನೋಡೂಣೇನು?” ಎಂದಳು.

ಮನೆಯ ಗಂಡಸರು ಹೌಹಾರಿದರು. “ಕರೆಂಟಿನ ಸಾಮಾನು, ನಿಮಗ್ಯಾಕ ಬೇಕು?” ನಾನು ಮೂಲೆಯಲ್ಲಿದ್ದ ನಮ್ಮವ್ವನ ಹೊಲಿಗೆ ಯಂತ್ರವನ್ನು ತೋರಿಸಿದೆ. ನಲವತ್ತು ವರ್ಷ ಮೀರಿದೆ. ಬೆಲ್ಟು ಹರಿದರೆ ನಾವೇ ಹಾಕುತ್ತೇವೆ, ಬಾಬಿನ್ ಸಿಕ್ಕಿಕೊಂಡರೆ ನಾವೇ ಬಿಡಿಸುತ್ತೇವೆ, ಎಣ್ಣೆ ಬಿಡುತ್ತೇವೆ. ಅದು ಹಳೆಯದಾಯಿತೆಂದು ಒಗೆಯಲು ಯಾರೂ ಹೇಳಲಿಲ್ಲ. ಏಕೆಂದರೆ ಅದರ ಪ್ರತಿ ತಿರುಪೂ ಬಿಚ್ಚಲೆಂದೇ ಇದೆ.

ಮೊದಲು ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡೆವು. ವೈರು ಕಿತ್ತು, ಗುಂಡಿಯನ್ನು ಕೆಲ ಕ್ಷಣ ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿದೆವು. ಮಡಿಸಿದ ಕೌದಿಯ ಮೇಲೆ ಪರದೆಯನ್ನು ಬೋರಲು ಹಾಕಿದೆವು. ಒಣ ಹವೆಯಲ್ಲಿ ಮೈಯಲ್ಲಿ ಹುಟ್ಟುವ ವಿದ್ಯುತ್ತು ಬಿಡಿಭಾಗಗಳನ್ನು ಸುಡಬಲ್ಲದು. ಅದಕ್ಕೆ ಆಗಾಗ ಒಳಗಿನ ಲೋಹದ ಚೌಕಟ್ಟನ್ನು ಮುಟ್ಟಿಕೊಂಡೆವು. ಬೆನ್ನು ತೆಗೆಯುವಾಗ ಪ್ಲಾಸ್ಟಿಕ್ಕಿನ ಒಂದು ಕೊಂಡಿ ಮುರಿದದ್ದು ನಿಜ. ಒಳಗೆ ಕಂಡದ್ದು ಹತ್ತು ವರ್ಷ ಮೀರಿದ ಧೂಳು, ಒಂದು ಹಾರ್ಡ್ ಡಿಸ್ಕ್, ಮತ್ತು ರ‍್ಯಾಮ್ ಕೂರಿಸುವ ಎರಡು ಜಾಗ. ಅದರಲ್ಲಿ ಒಂದು ಕೊಂಡ ದಿನದಿಂದಲೂ ಖಾಲಿ!

ರ‍್ಯಾಮ್ ಎಂದರೆ ಅಡುಗೆ ಕಟ್ಟೆ, ಡಿಸ್ಕ್ ಎಂದರೆ ಉಗ್ರಾಣ. ಕಟ್ಟೆ ಸಣ್ಣದಾದರೆ ಪ್ರತಿ ಸಾಮಾನಿಗೂ ಉಗ್ರಾಣಕ್ಕೆ ಓಡಬೇಕು. ನಮ್ಮ ಹಳೆಯ ಉಗ್ರಾಣವೋ ತಿರುಗುವ ತಟ್ಟೆ. ಸಣ್ಣ ತೋಳೊಂದು ಅತ್ತಿತ್ತ ಸರಿದು ಬೇಕಾದ್ದನ್ನು ಹುಡುಕಬೇಕು. ಈಗ ಬರುವ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. 4 ಜಿಬಿ ರ‍್ಯಾಮ್ ಇದ್ದಲ್ಲಿಗೆ ಇನ್ನೊಂದು 4 ಜಿಬಿ, ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ತರಿಸಿದೆವು. ಲ್ಯಾಪ್‌ಟಾಪಿಗೆ ಹಾಕುವ ಗಿಡ್ಡ ರ‍್ಯಾಮೇ ಇದಕ್ಕೂ, ನಮ್ಮದಕ್ಕೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕಿತ್ತು. ಹಳೆಯದರ ಮೇಲಿನ ಚೀಟಿ ಓದಿದರೆ ಇದು ತಿಳಿಯುತ್ತದೆ. ಒಟ್ಟು ಖರ್ಚು ಹೊಸ ಯಂತ್ರದ ಹತ್ತನೆಯ ಒಂದು ಪಾಲಿನ ಆಸುಪಾಸು. ಈಗ ಅದು ಚಹಾದ ನೀರು ಕುದಿಯುವ ಮೊದಲೇ ಎದ್ದಿರುತ್ತದೆ.

ಇದು ನನ್ನ ಜಾಣತನದ ಕಥೆಯಲ್ಲ. ಅರ್ಧ ದಿನದ ಕೆಲಸವನ್ನು ‘ಆಗದ ಕೆಲಸ’ ಮಾಡಿದವರು ಯಾರು ಎಂಬುದು ನನ್ನ ಪ್ರಶ್ನೆ. ಮೊದಲು ತಯಾರಕರು. 2012ರ ಕೊನೆಯಲ್ಲಿ ಬಂದ ಐಮ್ಯಾಕ್‌ನಲ್ಲಿ ಪರದೆಯನ್ನೇ ಅಂಟು ಹಾಕಿ ಕೂಡಿಸಿದರು. ದೊಡ್ಡ ಅಳತೆಯದಕ್ಕೆ ರ‍್ಯಾಮ್ ಹಾಕಲು ಬೆನ್ನಲ್ಲೊಂದು ಬಾಗಿಲಿತ್ತು. ಕಡಿಮೆ ಬೆಲೆಯ ಸಣ್ಣದಕ್ಕೆ ಅದೂ ಇಲ್ಲ. ಬಡವರ ಮನೆಗೆ ಬಾಗಿಲು ಬೇಡವೆಂದೇ? ಇನ್ನು ಕೆಲವು ಯಂತ್ರಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಯೇ ಬಿಡುತ್ತಾರೆ. ಸೀರೆಗೆ ಸೆರಗನ್ನು ಅಂಟಿಸಿ, ಸೆರಗು ಹರಿದರೆ ಸೀರೆಯನ್ನೇ ಒಗೆಯಿರಿ ಎಂದರೆ ನಾವು ಸುಮ್ಮನಿರುತ್ತಿದ್ದೆವೇ?

ಆ ಹುಡುಗನ ಮಾತಿನಲ್ಲೂ ಒಂದು ಸತ್ಯವಿದೆ, ಮುಚ್ಚಿಡುವುದಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ನನ್ನಂಥವರ ಯಂತ್ರವನ್ನು ಒಪ್ಪುವುದಿಲ್ಲ. ಆದರೆ ಲಿನಕ್ಸ್ ಒಪ್ಪುತ್ತದೆ, ಕಾಸೂ ಕೇಳುವುದಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ನಾನೂ ಅದನ್ನೇ ಹಾಕಿಕೊಂಡೆ, ನುಡಿಯ ಹಾಡುಗಳನ್ನು ಯೂನಿಕೋಡಿಗೆ ಬದಲಿಸಿಕೊಂಡೆ. ಕರೆಂಟನ್ನು ಬದಲಿಸುವ ಭಾಗ ನಿಮ್ಮ ಯಂತ್ರದ ಒಳಗೇ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ, ಬಲ್ಲವರಿಗೆ ಬಿಡಿ. ಮಿದುಳಿನಂಥ ಬೋರ್ಡೇ ಸುಟ್ಟಿದ್ದರೆ ಹೊಸದನ್ನು ಕೊಳ್ಳಿ, ನನ್ನ ತಕರಾರಿಲ್ಲ. ಆದರೆ ಬಿಚ್ಚಿ ನೋಡಿದ ಮೇಲೆ!

2022ರ ಒಂದೇ ವರ್ಷದಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಹಾಕಿತು. ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಅದರ ಕಾಲು ಭಾಗವೂ ಅಲ್ಲ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದೇ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಎಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಪೋರ್ಟಲ್ ತೆರೆದ ಮಾತ್ರಕ್ಕೆ ಪೆಟ್ಟಿಗೆ ತೆರೆಯುವುದಿಲ್ಲವಲ್ಲ!

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಎಕ್ಸ್‌ಚೇಂಜಿಗೆ ಕೊಟ್ಟ ಯಂತ್ರದ ಜೊತೆ ನಿಮ್ಮ ಮಗಳ ಫೋಟೋ, ಆಧಾರ್ ಪ್ರತಿ, ಬ್ಯಾಂಕಿನ ಕಾಗದ ಎಲ್ಲ ಹೋಗುತ್ತವೆ. ಅಳಿಸಿದ್ದೇನೆಂದು ನಿಶ್ಚಿಂತರಾಗಬೇಡಿ, ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದನ್ನು ಮತ್ತೆ ಎಬ್ಬಿಸುವ ತಂತ್ರಾಂಶಗಳಿವೆ. ನನ್ನ ಹಳೆಯ ಡಿಸ್ಕು ಈಗ ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಭದ್ರವಾಗಿದೆ.

ಮುಂದಿನ ಸಲ ಯಾರಾದರೂ “ಹಳೇದಾಗೇತಿ” ಎಂದರೆ, “ಏನು ಕೆಟ್ಟೈತಿ, ಬಿಚ್ಚಿ ತೋರಿಸು” ಎಂದು ಕೇಳಿ. ತೋರಿಸಲಾರದವನ ಕೈಗೆ ರೊಕ್ಕ ಕೊಡಬೇಡಿ. ನನಗೂ ಅರವತ್ತು ದಾಟಿತು. ಹಳೆಯವಳಾಗಿದ್ದೇನೆ, ನಿಜ. ಕೆಟ್ಟಿಲ್ಲ.