ಉಪಾಯವೂ ಕಾರಣವೂ

ಮನೆಗೆಲಸದ ಸುಲಭೋಪಾಯಗಳು, ಹೊಸ ಯಂತ್ರಗಳ ಬಳಕೆಯ ಗುಟ್ಟುಗಳು, ಲೋಕದ ಯಾವುದೋ ಮೂಲೆಯಲ್ಲಿ ನಡೆದುವೆನ್ನಲಾದ ವಿಚಿತ್ರ ಸಂಗತಿಗಳು, ಈ ಮೂರೂ ಕೈಯಲ್ಲಿರುವ ಫೋನಿನ ಮೂಲಕ ಹಗಲಿರುಳೆನ್ನದೆ ನಮ್ಮನ್ನು ಬಂದು ಸೇರುತ್ತಿರುವ ಈ ಕಾಲದಲ್ಲಿ, ಇಂಥ ಚಿಲ್ಲರೆ ತಿಳಿವಳಿಕೆಗೆ ವಿದ್ಯೆಯ ಪಂಕ್ತಿಯಲ್ಲಿ ಎಡೆಯುಂಟೆ ಎಂಬ ಪ್ರಶ್ನೆ ಏಳುವುದು ಸಹಜವಾದದ್ದೇ. ಪಂಡಿತರಾದವರು ಇದನ್ನು ಕಂಡು ಮೂಗು ಮುರಿಯುವುದುಂಟು. ಆ ತಿರಸ್ಕಾರದಲ್ಲಿ ನನಗೆ ಪಾಲಿಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಅವನ ತರುವಾಯದ ಇನ್ನೊಬ್ಬ) 1025ರ ಸುಮಾರಿನಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದಾಗ, ನೆಲದಡಿಯ ನೀರನ್ನು ಗುರುತಿಸುವ ಲಕ್ಷಣ, ಗಿಡಮರಗಳ ಆರೈಕೆ, ಅಡುಗೆಯ ಪಾಕಗಳು, ಸುಗಂಧದ್ರವ್ಯಗಳ ತಯಾರಿಕೆ, ವಿಷಕ್ಕೆ ಚಿಕಿತ್ಸೆ ಇವೆಲ್ಲವನ್ನೂ ಪದ್ಯದಲ್ಲಿ ಹೇಳುವುದು ಕವಿಯ ಘನತೆಗೆ ಕುಂದೆಂದು ಅವನಿಗೆ ತೋರಲಿಲ್ಲ. ಬಾಳುವೆಗೆ ಒದಗುವ ತಿಳಿವಳಿಕೆ ಸಣ್ಣದಾದ ಮಾತ್ರಕ್ಕೆ ಹೀನವೆನಿಸದು.

ಆದರೆ ಆ ಗ್ರಂಥದಲ್ಲಿಯೇ ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ಗಿಡದ ಆರೈಕೆ ಹೇಗೆಂದು ಹೇಳುವ ಕವಿಯೇ ಶಕುನಗಳ ಫಲವನ್ನೂ ಅಷ್ಟೇ ನಿಶ್ಚಯದಿಂದ ಹೇಳುತ್ತಾನೆ. ಓದುವವನಿಗೆ ಎರಡೂ ಒಂದೇ ಮುಖದಿಂದ ಕಾಣುತ್ತವೆ. ಇಂದು ನಮ್ಮ ಫೋನಿನ ಪರದೆಯ ಮೇಲೆ ಸಾಗಿಹೋಗುವ ನೂರು ಮಾತುಗಳ ಸ್ಥಿತಿಯೂ ಇದೇ. ಯಾವುದನ್ನು ಕಟ್ಟಿಟ್ಟುಕೊಳ್ಳಬೇಕು, ಯಾವುದನ್ನು ಬಿಟ್ಟುಬಿಡಬೇಕು ಎಂಬುದಕ್ಕೆ ಸಾಮಾನ್ಯನ ಕೈಗೆಟಕುವ ಒರೆಗಲ್ಲು ಯಾವುದು? ಉಪಾಯದ ಸಂಗಡ ಅದರ ಕಾರಣವೂ ಬಂದಿದೆಯೇ ಎಂಬುದೊಂದೇ ಆ ಒರೆಗಲ್ಲೆಂದು ನನ್ನ ಅಭಿಪ್ರಾಯ.

ನೀರಿಗೆ ಬಿದ್ದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡಬೇಕೆಂಬ ಉಪಾಯವನ್ನು ಕೇಳದವರು ವಿರಳ. ಅಕ್ಕಿ ತೇವವನ್ನು ಹೀರುವುದೆಂಬುದು, ಮಳೆಗಾಲದಲ್ಲಿ ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುವವರಿಗೆಲ್ಲ ಪರಿಚಿತವಾದ ಮಾತಾದುದರಿಂದ, ಈ ಸಲಹೆ ಕೇಳಿದೊಡನೆಯೇ ಮನಸ್ಸಿಗೆ ಒಪ್ಪಿಬಿಡುತ್ತದೆ. ಆದರೆ ಫೋನಿನ ಒಳಹೊಕ್ಕ ನೀರು ಹೊರಬರಬೇಕಾದರೆ ಮೊದಲು ಆವಿಯಾಗಬೇಕು. ಆವಿಯಾಗಿ ಹೋಗಲು ಗಾಳಿಯ ಸಂಚಾರ ಬೇಕು. ಸುತ್ತಲೂ ಕಾಳು ಅಡಕಿದರೆ ಆ ಸಂಚಾರ ತಗ್ಗೀತೇ ಹೊರತು ಹೆಚ್ಚದು. ಮೇಲಾಗಿ ಕೆಡುಕು ಬಹುಮಟ್ಟಿಗೆ ಆಗುವುದು ಬರಿಯ ನೀರಿನಿಂದಲ್ಲ. ನೀರಿನಲ್ಲಿ ಕರಗಿರುವ ಲವಣಗಳ ಮೂಲಕ ವಿದ್ಯುತ್ತು ಹರಿಯಬಾರದ ಕಡೆ ಹರಿದು ಒಳಗಿನ ಸೂಕ್ಷ್ಮವಾದ ಲೋಹದ ಗೆರೆಗಳನ್ನು ತಿಂದುಹಾಕುವುದರಿಂದ. ಇಷ್ಟು ಕಾರಣ ತಿಳಿದವನು ಅಕ್ಕಿಯ ಡಬ್ಬಿಯನ್ನು ಹುಡುಕಿಕೊಂಡು ಓಡದೆ, ಮೊದಲು ಫೋನನ್ನು ಆಫ್ ಮಾಡುತ್ತಾನೆ, ಚಾರ್ಜರನ್ನು ದೂರವಿಡುತ್ತಾನೆ, ನೀರನ್ನು ಕೊಡವಿ ಗಾಳಿಯಾಡುವ ಕಡೆ ಇಡುತ್ತಾನೆ. ಬಿದ್ದದ್ದು ಸಮುದ್ರದ ನೀರಿಗಾದರೆ ಅಪಾಯ ಹೆಚ್ಚೆಂಬುದನ್ನೂ ಯಾರೂ ಹೇಳದೆಯೇ ಊಹಿಸಬಲ್ಲನು. ಆ್ಯಪಲ್ ಸಂಸ್ಥೆಯು ತನ್ನ ಐಫೋನಿನ ವಿಷಯದಲ್ಲಿ, ಅಕ್ಕಿಯ ಚೂರುಗಳು ಒಳಸೇರಿ ಹಾನಿ ಮಾಡಿಯಾವು, ಅಕ್ಕಿಯಲ್ಲಿಡಬೇಡಿ ಎಂದು ಎಚ್ಚರಿಸಿರುವುದು 2024ರಲ್ಲಿ ಸುದ್ದಿಯಾಯಿತು. ಹಾಗಾದರೆ ಅಕ್ಕಿಯಲ್ಲಿಟ್ಟ ಎಷ್ಟೋ ಫೋನುಗಳು ಬದುಕಿದುವಲ್ಲ ಎಂದರೆ, ಅವು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ ಬದುಕುತ್ತಿದ್ದುವೇ ಎಂಬುದನ್ನು ನೋಡುವ ಗೋಜಿಗೆ ಅವುಗಳ ಒಡೆಯರು ಹೋಗಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಕೀರ್ತಿ ಕಾಗೆಗೇ ಸಲ್ಲುತ್ತದೆ.

ಕಾರಣದ ಲಾಭ ತಪ್ಪು ಉಪಾಯವನ್ನು ತಳ್ಳುವುದರಲ್ಲಿಯೇ ಮುಗಿಯದು. ಸರಿಯಾದ ಉಪಾಯವನ್ನು ಅದು ಬೆಳೆಸುತ್ತದೆ. ಹುಣಸೆಹಣ್ಣಿನಿಂದ ಹಿತ್ತಾಳೆ ತಾಮ್ರಗಳ ಪಾತ್ರೆ ಬೆಳಗುವುದು ನಮ್ಮ ಮನೆಗಳ ಹಳೆಯ ರೂಢಿ. ಅದನ್ನು ಬರಿಯ ವಿಧಿಯೆಂದು ಕಲಿತವನಿಗೆ ಪಾತ್ರೆ ಹೊಳೆಯುತ್ತದೆ, ಅಷ್ಟೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಲೋಹದ ಮೇಲೆ ಕೂತ ಕಿಲುಬನ್ನು ಕರಗಿಸುತ್ತದೆಂದು ಕಲಿತವನಾದರೋ, ಹುಳಿಯ ಪದಾರ್ಥವನ್ನು ಹಿತ್ತಾಳೆಯ ಪಾತ್ರೆಯಲ್ಲಿ ಇಟ್ಟಿರಬಾರದೇಕೆ, ಹಿಂದಿನವರು ವರ್ಷವರ್ಷವೂ ಕಲಾಯಿಯವನನ್ನು ಕರೆಸುತ್ತಿದ್ದುದೇಕೆ ಎಂಬುದನ್ನು ಅದೇ ಒಂದು ಮಾತಿನಿಂದ ತಿಳಿದುಕೊಳ್ಳುತ್ತಾನೆ. ಅವನೇ ಮುಂದೆ, ನಿಂಬೆಹಣ್ಣಿನಿಂದ ಸಕಲವನ್ನೂ ತೊಳೆಯಬಹುದೆಂಬ ಬಹುಪ್ರಚಾರದ ಉಪದೇಶ ಕಿವಿಗೆ ಬಿದ್ದಾಗ, ಅಮೃತಶಿಲೆಯೂ ಕಡಪದ ಕಲ್ಲೂ ನಮ್ಮ ಶಹಾಬಾದಿನ ಹಾಸುಗಲ್ಲೂ ಸುಣ್ಣದ ಅಂಶದಿಂದಾದುವು, ಆಮ್ಲ ತಾಗಿದರೆ ಹೊಳಪಿನೊಡನೆ ಕಲ್ಲೂ ಸವೆದೀತು ಎಂದು ಕೈ ಹಿಂದೆಗೆಯುತ್ತಾನೆ. ಇನ್ನು, ಒಂದರಿಂದ ಹೋಗದ ಕೊಳೆ ಎರಡನ್ನು ಬೆರೆಸಿದರೆ ಹೋದೀತೆಂಬ ಆಸೆಯಿಂದ ಬ್ಲೀಚಿಂಗ್ ಪೌಡರನ್ನೂ ಶೌಚಾಲಯ ತೊಳೆಯುವ ಆಮ್ಲವನ್ನೂ ಒಟ್ಟಿಗೆ ಸುರಿಯುವವರಿದ್ದಾರೆ. ಆಗ ಹೊಮ್ಮುವುದು ಕ್ಲೋರೀನ್, 1915ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ಅದೇ ಅನಿಲ. ಕಾರಣವನ್ನು ಬಿಟ್ಟ ಉಪಾಯ ಒಮ್ಮೊಮ್ಮೆ ನಿಷ್ಫಲವಾಗುವುದಲ್ಲದೆ ಪ್ರಾಣಕ್ಕೂ ಎರವಾಗಬಹುದು.

ಉಪಾಯಕ್ಕೂ ಆಯುಸ್ಸುಂಟು, ಅದು ಮುಗಿದುದನ್ನು ತಿಳಿಸುವುದೂ ಕಾರಣವೇ. ಬ್ಯಾಟರಿ ಪೂರ್ತಿ ಬರಿದಾಗುವ ತನಕ ಬಳಸಿ ಆಮೇಲೆ ತುಂಬಬೇಕೆಂಬ ಮಾತು ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿಗಳ ಕಾಲದಲ್ಲಿ ಆಧಾರವಿಲ್ಲದ್ದಾಗಿರಲಿಲ್ಲ. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಮ್-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಮೂಲಶಿಲ್ಪಿಗಳಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೂ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೂ ಹಳೆಯ ಉಪದೇಶ ಮಾತ್ರ ಇನ್ನೂ ಮನೆಮನೆಯಲ್ಲಿ ನಡೆದೇ ಇದೆ. ಈ ಹೊಸ ಜಾತಿಯ ಬ್ಯಾಟರಿಗೆ ಪೂರ್ತಿ ಬರಿದಾಗುವುದೂ ಹಿತವಲ್ಲ, ಸದಾ ತುಂಬಿ ತುಳುಕುವುದೂ ಹಿತವಲ್ಲ. ಎಲ್ಲಕ್ಕಿಂತ ಮಿಗಿಲಾದ ಶತ್ರು ಬಿಸಿ. ಆದುದರಿಂದ ದಿಂಬಿನಡಿಯಲ್ಲಿಟ್ಟು ರಾತ್ರಿಯೆಲ್ಲ ಚಾರ್ಜು ಮಾಡುವುದನ್ನು ಬಿಟ್ಟವನು, ಚಾರ್ಜಿನ ಅಂಕಿಗಳನ್ನು ಎಣಿಸುತ್ತ ಕೂರುವವನಿಗಿಂತ ಬುದ್ಧಿವಂತ.

ಇಲ್ಲಿ ಒಂದು ಆಕ್ಷೇಪ ಬರುವುದುಂಟು, ಮತ್ತು ಅದು ಹಗುರವಾದುದಲ್ಲ. ನಮ್ಮ ಅಜ್ಜಿಯರು ತೊಗರಿಗೆ ಹರಳೆಣ್ಣೆ ಸವರಿ ಬಿಸಿಲಿಗೆ ಹರವಿ ಡಬ್ಬಿಗೆ ತುಂಬುತ್ತಿದ್ದಾಗ, ಹುರುಳಿ ಅವರೆಗಳಿಗೆ ಒಲೆಯ ಬೂದಿ ಬೆರೆಸಿಡುತ್ತಿದ್ದಾಗ, ಯಾವ ಕಾರಣವನ್ನು ವಿವರಿಸಿದರು? ಎಣ್ಣೆಯ ಪೊರೆ ಹುಳದ ಮೊಟ್ಟೆಗೆ ಉಸಿರು ಕಟ್ಟಿಸುವುದೆಂದೂ, ಬೂದಿಯ ಸಣ್ಣ ಕಣಗಳು ಹುಳದ ಮೈಯ ಮೇಣದ ಲೇಪವನ್ನು ಉಜ್ಜಿ ಅದನ್ನು ಒಣಗಿಸುವುವೆಂದೂ ಅವರು ಬಲ್ಲವರಾಗಿರಲಿಲ್ಲ. ಆದರೂ ಕಾಳು ಕೆಡದೆ ಉಳಿಯಿತು. ಹಾಗಿರಲು ಈ ಕಾಲದ ಸಲಹೆಗಾರನನ್ನು ಮಾತ್ರ ಕಾರಣ ಕೇಳಿ ಪೀಡಿಸುವುದು ನ್ಯಾಯವೆ?

ನ್ಯಾಯವೆಂದೇ ನನ್ನ ಉತ್ತರ. ಅಜ್ಜಿಯ ಮಾತಿಗೆ ಕಾರಣದ ಬದಲು ಇನ್ನೊಂದು ಆಧಾರವಿದ್ದಿತು: ಆ ಉಪಾಯ ಸೋತರೆ ಅದರ ಫಲವನ್ನು ಉಣ್ಣಬೇಕಾದವರಲ್ಲಿ ಅವಳೂ ಒಬ್ಬಳು. ಕಾಳಿಗೆ ಹುಳು ಬಿದ್ದರೆ ಅದು ಅವಳ ಕಣ್ಣೆದುರಿಗೇ ಬೀಳುತ್ತಿತ್ತು. ಮರುವರ್ಷ ಅವಳು ಎಣ್ಣೆಯ ಪ್ರಮಾಣವನ್ನು ಬದಲಿಸುತ್ತಿದ್ದಳು, ಇಲ್ಲವೆ ಕಾಳು ಸರಿಯಾಗಿ ಒಣಗಿರಲಿಲ್ಲವೆಂದು ಕಂಡುಕೊಂಡು ಇನ್ನೆರಡು ಬಿಸಿಲು ಹೆಚ್ಚಾಗಿ ಕಾಯಿಸುತ್ತಿದ್ದಳು. ಹೀಗೆ ಎಷ್ಟೋ ತಲೆಮಾರುಗಳ ಸೋಲುಗಳು ತಿದ್ದಿದ ಮಾತು ಅದು. ಇಂದು ನಮಗೆ ಬರುವ ಉಪಾಯದ ಮೂಲಪುರುಷನಾರೋ ನಾವು ಅರಿಯೆವು. ನಮ್ಮ ಮನೆಯಲ್ಲಿ ಅದು ಸೋತ ವಾರ್ತೆ ಅವನನ್ನು ಎಂದಿಗೂ ಮುಟ್ಟದು. ಮುಟ್ಟಿದರೂ ಅವನಿಗೆ ನಷ್ಟವಿಲ್ಲ, ಏಕೆಂದರೆ ಅವನಿಗೆ ಬೇಕಾದದ್ದು ನಮ್ಮ ಒಂದು ನಿಮಿಷದ ನೋಟವೇ ಹೊರತು ನಮ್ಮ ಕಾಳಿನ ಕ್ಷೇಮವಲ್ಲ. ಹೇಳುವವನ ಪರಿಚಯವೂ ಹೊಣೆಯೂ ಇಲ್ಲವಾದಾಗ, ಅವುಗಳ ಸ್ಥಾನದಲ್ಲಿ ನಿಲ್ಲಬಲ್ಲದ್ದು ಕಾರಣವೊಂದೇ. ಅದನ್ನು ನಾವು ಅವನ ನೆರವಿಲ್ಲದೆಯೇ ಪರೀಕ್ಷಿಸಬಲ್ಲೆವು.

ವಿಚಿತ್ರ ಸುದ್ದಿಗಳ ವಿಷಯದಲ್ಲಿ ಈ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ. 1835ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆಯು, ಖಗೋಳಜ್ಞ ಜಾನ್ ಹರ್ಷೆಲ್ಲನು ಚಂದ್ರನ ಮೇಲೆ ಬಾವಲಿಯ ರೆಕ್ಕೆಗಳುಳ್ಳ ಮನುಷ್ಯರನ್ನು ಕಂಡನೆಂದು ಲೇಖನಮಾಲೆಯನ್ನೇ ಪ್ರಕಟಿಸಿತು. ಹರ್ಷೆಲ್ಲನು ಆಗ ದೂರದರ್ಶಕದೊಡನೆ ಆಫ್ರಿಕದ ದಕ್ಷಿಣ ತುದಿಯಲ್ಲಿದ್ದುದು ನಿಜ. ಅವನನ್ನು ಕೇಳಿ ತಿಳಿಯೋಣವೆಂದರೆ ಹಡಗು ಸಾಗರವನ್ನು ದಾಟಬೇಕಾಗಿದ್ದ ಕಾಲ. ಆ ಓದುಗರನ್ನು ಕ್ಷಮಿಸಬಹುದು. 2016ರ ನವೆಂಬರಿನಲ್ಲಿ, ಹೊಸ 2000 ರೂಪಾಯಿಯ ನೋಟಿನಲ್ಲಿ ಅಡಗಿರುವ ಜಿಪಿಎಸ್ ಚಿಪ್ ತಾನಿರುವ ಸ್ಥಳವನ್ನು ಉಪಗ್ರಹಕ್ಕೆ ತಿಳಿಸುತ್ತದೆಂದು ನಂಬಿ ಹರಡಿದ ನಮಗೆ ಆ ವಿನಾಯಿತಿ ಸಲ್ಲದು. ಜಿಪಿಎಸ್ ಉಪಕರಣ ಉಪಗ್ರಹದಿಂದ ಸಂಕೇತವನ್ನು ಪಡೆಯುವುದೇ ಹೊರತು ಕಳುಹಿಸುವುದಲ್ಲ, ಕಳುಹಿಸಲು ಶಕ್ತಿಯ ಮೂಲವೊಂದು ಬೇಕು, ಕಾಗದದ ನೋಟಿನಲ್ಲಿ ಅದು ಎಲ್ಲಿದ್ದೀತು ಎಂದು ಒಂದು ಗಳಿಗೆ ಯೋಚಿಸಿದ್ದರೆ ಆ ಕಥೆ ಅಲ್ಲಿಯೇ ನಿಲ್ಲುತ್ತಿತ್ತು. ಆ ವದಂತಿಯಲ್ಲಿ ನಗುವುದಕ್ಕಾದರೂ ಎಡೆಯಿತ್ತು. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂದು ಫೋನಿನಿಂದ ಫೋನಿಗೆ ಹರಿದ ಸುಳ್ಳಿನ ಫಲವಾಗಿ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹೊಟ್ಟೆಪಾಡಿಗೆ ಬಂದಿದ್ದ ಪರ ಊರಿನ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈಯಲ್ಲಿ ವಾಟ್ಸಾಪ್ ಸಂಸ್ಥೆ, ಬಂದ ಸಂದೇಶವನ್ನು ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹಾಕಲು ತೊಡಗಿತು. ಬೆರಳಿನ ವೇಗವನ್ನು ಯಂತ್ರ ತಡೆಯಬಲ್ಲುದು. ಕಾರಣ ಕೇಳುವ ಅಭ್ಯಾಸವನ್ನು ಅದು ಕಲಿಸಲಾರದು.

ಇಷ್ಟನ್ನೆಲ್ಲ ಹೇಳಿದ ಮೇಲೆ, ಕಾರಣ ತೋರದ ಸಂಗತಿಯನ್ನೆಲ್ಲ ನಕ್ಕು ತಳ್ಳಬೇಕೆಂದು ಯಾರಾದರೂ ಅರ್ಥಮಾಡಿದರೆ ಅದು ವಿಪರೀತಾರ್ಥವಾದೀತು. 1963ರಲ್ಲಿ ಟಾಂಗನಿಕದ ಮಗಾಂಬ ಎಂಬಲ್ಲಿಯ ಶಾಲೆಯ ಹುಡುಗ ಎರಾಸ್ಟೊ ಎಂಪೆಂಬ, ಐಸ್‌ಕ್ರೀಮಿಗೆಂದು ಕಾಸಿದ ಹಾಲನ್ನು, ಶೀತಪೆಟ್ಟಿಗೆಯಲ್ಲಿ ತನ್ನ ಸ್ಥಳ ತಪ್ಪೀತೆಂಬ ಆತುರದಿಂದ ಆರಿಸದೆಯೇ ಒಳಗಿಟ್ಟನು. ಅವನ ಬಿಸಿ ಹಾಲು, ಜೊತೆಗಾರನು ಕಾಸದೆಯೇ ಇಟ್ಟ ಹಾಲಿಗಿಂತ ಮೊದಲು ಹೆಪ್ಪುಗಟ್ಟಿತು. ಇದೇಕೆಂದು ಕೇಳಿದಾಗ ಉಪಾಧ್ಯಾಯರು ನಿನಗೆ ಭ್ರಮೆಯೆಂದುಬಿಟ್ಟರು. ಮುಂದೆ ಉಪನ್ಯಾಸಕ್ಕೆಂದು ಬಂದಿದ್ದ ಭೌತವಿಜ್ಞಾನದ ಪ್ರಾಧ್ಯಾಪಕ ಡೆನಿಸ್ ಆಸ್‌ಬಾರ್ನರ ಮುಂದೆ ಅದೇ ಪ್ರಶ್ನೆಯನ್ನು ಇಟ್ಟಾಗ ಸಹಪಾಠಿಗಳು ನಕ್ಕರು. ಆಸ್‌ಬಾರ್ನರು ಮಾತ್ರ ನಗದೆ, ತಮ್ಮ ಪ್ರಯೋಗಶಾಲೆಗೆ ಮರಳಿ ಪರೀಕ್ಷೆ ಮಾಡಿಸಿದರು, 1969ರಲ್ಲಿ ಇಬ್ಬರ ಹೆಸರಿನಲ್ಲಿಯೂ ಲೇಖನ ಹೊರಬಂದಿತು. ಆ ಪರಿಣಾಮ ನಿಜವೋ, ಅಳತೆಯ ದೋಷವೋ ಎಂಬ ವಿವಾದ ಇಂದಿಗೂ ತೀರಿಲ್ಲ. 2016ರಲ್ಲಿ ಕೇಂಬ್ರಿಜ್ ಮತ್ತು ಲಂಡನ್ನಿನ ಇಬ್ಬರು ವಿಜ್ಞಾನಿಗಳು ಎಚ್ಚರದಿಂದ ಅಳೆದು ನೋಡಿ ಅದಕ್ಕೆ ಆಧಾರ ಕಾಣಲಿಲ್ಲವೆಂದರು. ಅದು ಸುಳ್ಳೆಂದೇ ಕೊನೆಗೆ ನಿಶ್ಚಯವಾದರೂ, ಆಸ್‌ಬಾರ್ನರು ನಡೆದ ದಾರಿ ಸರಿ, ನಕ್ಕವರದು ತಪ್ಪು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದುದರ ಹಿಂದಿದ್ದುದೂ ಇದೇ ಮನೋಧರ್ಮ. ಕೈಮುಗಿದು ನಂಬುವವನೂ ಕೈಕೊಡವಿ ನಗುವವನೂ ಪರೀಕ್ಷೆಯ ಶ್ರಮದಿಂದ ತಪ್ಪಿಸಿಕೊಳ್ಳುವುದರಲ್ಲಿ ಸಮಾನರು.

ಪರೀಕ್ಷೆಯ ಶ್ರಮವೆಂದರೆ ಎಲ್ಲರೂ ಪ್ರಯೋಗಶಾಲೆಯನ್ನು ಹೂಡಬೇಕೆಂದಲ್ಲ. ಹುಳಿಗೆ ಉಪ್ಪು ಹೆಚ್ಚಾದಾಗ ಆಲೂಗೆಡ್ಡೆಯ ಹೋಳು ಹಾಕಿದರೆ ಅದು ಉಪ್ಪನ್ನು ಹೀರಿಕೊಳ್ಳುತ್ತದೆಂಬ ಮಾತನ್ನು ನಂಬುವವರು, ಬೆಂದ ಹೋಳನ್ನು ತೆಗೆದ ಮೇಲೆ ಉಳಿದ ಸಾರನ್ನು, ನೀರು ಸೇರಿಸುವ ಮುನ್ನ, ಒಂದು ಸಲ ನಾಲಿಗೆಯ ಮೇಲೆ ಬಿಟ್ಟುಕೊಂಡರೆ ಸಾಕು. ಹೋಳು ಸಾರನ್ನು ಉಪ್ಪಿನೊಡನೆ ಹೀರುವುದೇ ಹೊರತು ಉಪ್ಪನ್ನು ಮಾತ್ರ ಆರಿಸಿಕೊಳ್ಳುವ ವಿವೇಕ ಅದಕ್ಕಿಲ್ಲ. ರುಚಿಯನ್ನು ಸರಿಪಡಿಸುವುದು ನಾವು ಆಮೇಲೆ ಸುರಿಯುವ ನೀರು.

ಪತ್ರಿಕೆಗಳಲ್ಲಿ ಇಂಥ ಉಪಾಯಗಳ ಅಂಕಣಗಳನ್ನು ನಡೆಸುವವರನ್ನೂ, ಬಂಧುಬಳಗಕ್ಕೆ ಬೆಳಗಾಗೆದ್ದು ಸಲಹೆಗಳನ್ನು ರವಾನಿಸುವವರನ್ನೂ ನಾನು ಬೇಡುವುದು ಇಷ್ಟೆ: ಪ್ರತಿಯೊಂದು ಉಪಾಯದ ಕೆಳಗೆ ಅದು ಹೇಗೆ ಕೆಲಸಮಾಡುತ್ತದೆಂಬುದಕ್ಕೆ ಒಂದು ಸಾಲನ್ನೂ, ಯಾವಾಗ ಕೆಲಸಮಾಡದೆಂಬುದಕ್ಕೆ ಇನ್ನೊಂದು ಸಾಲನ್ನೂ ಬರೆಯಿರಿ. ಅದಕ್ಕೆ ಸ್ಥಳ ಸಾಲದಾದರೆ, ಹತ್ತು ಉಪಾಯ ಕೊಡುವ ಕಡೆ ಮೂರನ್ನು ಕೊಡಿ.