ಪೌರತ್ವಕ್ಕೆ ಪೌರನೀತಿ ಪರೀಕ್ಷೆ ಬೇಕೇ? ಅಮೆರಿಕದ ಪದ್ಧತಿಯ ಪರ–ವಿರೋಧ

ಹಿನ್ನೆಲೆ

ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ ಗ್ರೀನ್ ಕಾರ್ಡ್‌ದಾರರು ವಲಸೆ ಅಧಿಕಾರಿಯ ಮುಂದೆ ಕುಳಿತು ಎರಡು ಪರೀಕ್ಷೆ ಕೊಡಬೇಕು. ಒಂದು ಇಂಗ್ಲಿಷ್ ಭಾಷೆಯದು, ಇನ್ನೊಂದು ದೇಶದ ಇತಿಹಾಸ ಮತ್ತು ಆಡಳಿತದ್ದು. ಇಂಗ್ಲಿಷ್ ಮಾತನಾಡಲು ಬರಬೇಕೆಂಬ ಷರತ್ತು 1906ರ ಕಾನೂನಿನಿಂದ ಬಂತು. ಇತಿಹಾಸ ಮತ್ತು ಆಡಳಿತದ ತಿಳಿವಳಿಕೆಯನ್ನು 1950ರ ಕಾನೂನು ಕಡ್ಡಾಯ ಮಾಡಿತು.

ಎರಡನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇಲ್ಲ. ಅಧಿಕಾರಿ ಕೇಳುತ್ತಾರೆ, ಅರ್ಜಿದಾರರು ಬಾಯಲ್ಲೇ ಉತ್ತರ ಹೇಳುತ್ತಾರೆ. 2008ರ ಪದ್ಧತಿಯಲ್ಲಿ 100 ಪ್ರಶ್ನೆಗಳ ಪಟ್ಟಿಯಿಂದ ಹೆಚ್ಚೆಂದರೆ 10 ಕೇಳುತ್ತಿದ್ದರು, 6 ಸರಿಯಾದರೆ ಪಾಸು. 2025ರ ಅಕ್ಟೋಬರ್ 20ರಿಂದ ಅರ್ಜಿ ಸಲ್ಲಿಸಿದವರಿಗೆ ಪಟ್ಟಿ 128ಕ್ಕೆ ಬೆಳೆದಿದೆ, 20ರಲ್ಲಿ 12 ಸರಿಯಾಗಬೇಕು. ಫೇಲಾದವರಿಗೆ ಇನ್ನೊಂದು ಅವಕಾಶ ಉಂಟು. ಇಂಥ ಪರೀಕ್ಷೆಯನ್ನು ಪೌರತ್ವದ ಷರತ್ತಾಗಿ ಇಡುವುದು ನ್ಯಾಯವೇ ಎಂಬುದು ಇಲ್ಲಿಯ ಪ್ರಶ್ನೆ.

ಪರ

ಪೌರತ್ವದ ಜೊತೆಗೆ ಅಧಿಕಾರವೂ ಬರುತ್ತದೆ. ಹೊಸ ಪೌರರು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುತ್ತಾರೆ. ಕರೆ ಬಂದರೆ ನ್ಯಾಯಾಲಯದ ಜ್ಯೂರಿಯಲ್ಲಿ ಕುಳಿತು ಇನ್ನೊಬ್ಬರು ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ. ಕಾನೂನು ಮಾಡುವವರು ಯಾರು, ಅದನ್ನು ಪ್ರಶ್ನಿಸುವುದು ಎಲ್ಲಿ ಎಂದು ತಿಳಿಯದವರ ಕೈಗೆ ಇಷ್ಟು ದೊಡ್ಡ ಹೊಣೆ ಕೊಡುವುದು ಅವರಿಗೂ ಒಳ್ಳೆಯದಲ್ಲ, ಅವರ ತೀರ್ಪಿಗೆ ಕಾಯುವವರಿಗೂ ಒಳ್ಳೆಯದಲ್ಲ.

ಎರಡನೆಯದಾಗಿ, ಓದಿದರೆ ಯಾರಾದರೂ ದಾಟಬಹುದಾದ ಅಳತೆಗೋಲು ಇದು. ಅಮೆರಿಕದ 1790ರ ಮೊದಲ ಪೌರತ್ವ ಕಾನೂನು ಬಿಳಿಯ ಸ್ವತಂತ್ರ ವ್ಯಕ್ತಿಗಳಿಗಷ್ಟೇ ಬಾಗಿಲು ತೆರೆದಿತ್ತು. ಪಂಜಾಬಿನಿಂದ ಹೋಗಿ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಪೌರತ್ವ ನಿರಾಕರಿಸಿದ್ದು ಅವರು ಬಿಳಿಯರಲ್ಲ ಎಂಬ ಕಾರಣಕ್ಕೆ. ಭಾರತೀಯರಿಗೆ ಈ ಹಕ್ಕು ದೊರೆತದ್ದು 1946ರಲ್ಲಿ. ಹುಟ್ಟಿನ ಬಣ್ಣವನ್ನು ಯಾರೂ ಬದಲಿಸಲಾರರು, ತಿಳಿವಳಿಕೆಯನ್ನು ಮಾತ್ರ ಯಾರು ಬೇಕಾದರೂ ಸಂಪಾದಿಸಬಹುದು.

ಮೂರನೆಯದಾಗಿ, ಪ್ರಶ್ನೆಗಳೂ ಉತ್ತರಗಳೂ ಮೊದಲೇ ಪ್ರಕಟವಾಗಿರುತ್ತವೆ. ಹಿಂದೆ ನ್ಯಾಯಾಧೀಶರು ತಮಗೆ ತೋಚಿದ್ದನ್ನು ಕೇಳುತ್ತಿದ್ದ ಕಾಲವಿತ್ತು. ಈಗ ಎಲ್ಲರಿಗೂ ಒಂದೇ ಪಟ್ಟಿ. ಆ ಪಟ್ಟಿಯಲ್ಲಿ ‘ಕಾನೂನಿನ ಆಳ್ವಿಕೆ ಎಂದರೇನು?’ ಎಂಬ ಪ್ರಶ್ನೆಯಿದೆ. ಕಾನೂನಿಗಿಂತ ಯಾರೂ ಮೇಲಲ್ಲ ಎಂಬುದು ಒಪ್ಪಿತ ಉತ್ತರಗಳಲ್ಲಿ ಒಂದು. ಸರ್ವಾಧಿಕಾರವಿದ್ದ ನಾಡಿನಿಂದ ಬಂದವರಿಗೆ ಈ ಒಂದು ವಾಕ್ಯವನ್ನು ಅಧಿಕಾರಿಯ ಮುಖ ನೋಡಿಕೊಂಡೇ ಹೇಳುವುದು ಸಣ್ಣ ಮಾತಲ್ಲ.

ವಿರೋಧ

ಬಾಯಿಪಾಠ ಬೇರೆ, ತಿಳಿವಳಿಕೆ ಬೇರೆ. ಸಂವಿಧಾನಕ್ಕೆ 27 ತಿದ್ದುಪಡಿಗಳಾಗಿವೆ, ಪ್ರತಿನಿಧಿ ಸಭೆಯಲ್ಲಿ ಮತ ಹಾಕುವ ಸದಸ್ಯರು 435 ಎಂದು ಉರು ಹೊಡೆದವರಿಗೆ ತಮ್ಮ ಊರಿನ ಶಾಲೆಯ ವಿಚಾರದಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಿರಬೇಕಿಲ್ಲ. ಅಲ್ಲೇ ಹುಟ್ಟಿದವರು ಇಂಥ ಯಾವ ಸಂದರ್ಶನವೂ ಇಲ್ಲದೆ 18 ತುಂಬಿದೊಡನೆ ಮತ ಹಾಕುತ್ತಾರೆ. ಮತದಾನಕ್ಕೆ ಈ ಅರಿವು ಅನಿವಾರ್ಯವೆಂದರೆ ಅದನ್ನು ಒಂದು ಗುಂಪಿನಿಂದ ಮಾತ್ರ ಕೇಳುವುದು ಸರಿಯಲ್ಲ.

ಸರಿಯುತ್ತರ ಯಾವುದೆಂದು ನಿರ್ಧರಿಸುವವರು ಯಾರು ಎಂಬುದು ಮುಂದಿನ ಆಕ್ಷೇಪ. ಸೆನೆಟರ್ ಯಾರನ್ನು ಪ್ರತಿನಿಧಿಸುತ್ತಾರೆ ಎಂಬ ಪ್ರಶ್ನೆಗೆ 2008ರ ಪಟ್ಟಿ ‘ರಾಜ್ಯದ ಎಲ್ಲ ಜನರನ್ನು’ ಎಂಬ ಉತ್ತರ ಕೊಟ್ಟಿತ್ತು. 2020ರ ಪಟ್ಟಿಯಲ್ಲಿ ಅದು ರಾಜ್ಯದ ಪೌರರನ್ನು ಎಂದಾಯಿತು. ‘ಜನ’ ಹೋಗಿ ‘ಪೌರರು’ ಬಂದಾಗ, ಉತ್ತರ ಹೇಳುತ್ತಿರುವ ಅರ್ಜಿದಾರರೇ ಆ ಪ್ರಾತಿನಿಧ್ಯದ ಆಚೆಗೆ ಬಿದ್ದರು. 2021ರಲ್ಲಿ ಆ ಪರೀಕ್ಷೆಯನ್ನು ಹಿಂತೆಗೆದುಕೊಂಡರು. ಸರ್ಕಾರ ಬದಲಾದಂತೆ ಪಾಠವೂ ಬದಲಾಗುವುದಾದರೆ ಪರೀಕ್ಷೆಯ ಮೇಲಿನ ನಂಬಿಕೆ ಉಳಿಯುವುದಿಲ್ಲ.

ಪರೀಕ್ಷೆಯ ಹೆಸರಿನಲ್ಲಿ ಹಕ್ಕು ಕಸಿದುಕೊಂಡ ಚರಿತ್ರೆಯೂ ಆ ದೇಶಕ್ಕಿದೆ. ದಕ್ಷಿಣದ ರಾಜ್ಯಗಳಲ್ಲಿ ಮತದಾರರ ಪಟ್ಟಿಗೆ ಸೇರಬಂದ ಕಪ್ಪು ಜನರಿಗೆ ‘ಸಾಕ್ಷರತಾ ಪರೀಕ್ಷೆ’ ಒಡ್ಡಿ, ಪಾಸೋ ಫೇಲೋ ಎಂಬುದನ್ನು ಗುಮಾಸ್ತನ ಮರ್ಜಿಗೆ ಬಿಡಲಾಗಿತ್ತು. ಅದಕ್ಕೆ ತಡೆ ಹಾಕಲು 1965ರ ಮತದಾನ ಹಕ್ಕು ಕಾಯ್ದೆಯೇ ಬರಬೇಕಾಯಿತು.

ಭಾಷೆಯ ತೊಡಕು ಎಲ್ಲಕ್ಕಿಂತ ಹತ್ತಿರದ್ದು. ಮಕ್ಕಳ ಜೊತೆ ಇರಲು ಅರವತ್ತನೇ ವಯಸ್ಸಿನಲ್ಲಿ ಗ್ರೀನ್ ಕಾರ್ಡ್ ಪಡೆದು ಹೋದ, ಕನ್ನಡ ಮಾತ್ರ ಬಲ್ಲ ತಾಯಿಯನ್ನು ನೆನೆಯಬಹುದು. ಐದು ವರ್ಷ ಕಳೆದರೆ ಅರ್ಜಿ ಹಾಕುವ ಅರ್ಹತೆ ಅವರಿಗೆ ಬರುತ್ತದೆ. ಆದರೆ 55 ದಾಟಿದವರಿಗೆ ಇಂಗ್ಲಿಷಿನಿಂದ ವಿನಾಯಿತಿ ಸಿಗುವುದು 15 ವರ್ಷ ಕಾಯಂ ನಿವಾಸಿಯಾಗಿದ್ದ ಮೇಲೆ. ವೈದ್ಯಕೀಯ ಕಾರಣವಿಲ್ಲದಿದ್ದರೆ ಅವರು ಕನ್ನಡದಲ್ಲಿ ಉತ್ತರ ಹೇಳಲು 75 ತುಂಬುವವರೆಗೆ ಕಾಯಬೇಕು. ಭಾರತದ 1955ರ ಪೌರತ್ವ ಕಾಯ್ದೆ ದೇಶೀಕರಣಕ್ಕೆ ಭಾಷಾಜ್ಞಾನ ಕೇಳುತ್ತದೆ, ನಿಜ. ಆದರೆ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೊಂದು ಸಾಕು, ಕನ್ನಡವೂ ಆದೀತು.

ಎರಡೂ ವಾದ ಸೇರುವಲ್ಲಿ

ಪೌರರಿಗೆ ತಮ್ಮ ದೇಶದ ಆಡಳಿತ ತಿಳಿದಿರಬೇಕೆಂಬ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ಜಗಳವಿರುವುದು ಆ ತಿಳಿವಳಿಕೆಯನ್ನು ಅಳೆಯುವ ಬಗೆಯ ಮೇಲೆ. ಇದಕ್ಕೊಂದು ದಾರಿ ಅಮೆರಿಕದ ನಿಯಮದಲ್ಲೇ ಇದೆ: 65 ದಾಟಿ, 20 ವರ್ಷ ಕಾಯಂ ನಿವಾಸಿಯಾಗಿದ್ದವರು 20 ಪ್ರಶ್ನೆಗಳ ಕಿರುಪಟ್ಟಿಯನ್ನಷ್ಟೇ ಓದಿ, ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಈ ಸವಲತ್ತು ತಡವಾಗಿ ಬಂದ ಹಿರಿಯರಿಗೂ ಸಿಕ್ಕರೆ ಪರ ವಾದದ ತಿರುಳಿಗೆ ಧಕ್ಕೆಯಾಗದು, ವಿರೋಧದ ದೊಡ್ಡ ನೋವೊಂದು ನೀಗುತ್ತದೆ. ಕಾನೂನಿಗಿಂತ ಯಾರೂ ಮೇಲಲ್ಲ ಎಂಬುದನ್ನು ಕನ್ನಡದಲ್ಲಿ ವಿವರಿಸಬಲ್ಲವರಿಗೆ ಕಾನೂನಿನ ಆಳ್ವಿಕೆ ಅರ್ಥವಾಗಿದೆ ಎಂದೇ ತಿಳಿಯಬೇಕು.